ವೈನ್ ಘಟಕ: ಸಲ್ಫರ್ ಡೈಆಕ್ಸೈಡ್ ಅಳತೆ ತಪ್ಪುವುದೆಲ್ಲಿ?

2007ರಲ್ಲಿ ಕರ್ನಾಟಕ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ಯಾದಗಿರಿ, ಶಹಾಪುರ, ಸುರಪುರಗಳ ಹತ್ತಿ, ಭತ್ತದ ವರ್ತಕರು ವಿಜಯಪುರದ ದ್ರಾಕ್ಷಿಯನ್ನು ನಂಬಿ ಈ ಉದ್ಯಮದಲ್ಲಿ ಬಂಡವಾಳ ತೊಡಗಿಸುವುದಾದರೆ, ಯಂತ್ರಗಳ ದರಪಟ್ಟಿಗಿಂತ ಮೊದಲು ಪ್ರಯೋಗಾಲಯವನ್ನು ಪರಿಶೀಲಿಸುವುದು ಲೇಸು.

ವೈನನ್ನು ಆಕ್ಸಿಡೀಕರಣದಿಂದಲೂ ಸೂಕ್ಷ್ಮಜೀವಿಗಳಿಂದಲೂ ಕಾಯುವುದು ಮುಕ್ತ ಸಲ್ಫರ್ ಡೈಆಕ್ಸೈಡ್. ಇದನ್ನು ಅಳೆಯುವ ಅಗ್ಗದ ಕ್ರಮ ರಿಪ್ಪರ್ ವಿಧಾನ. ಕೆಂಪು ವೈನಿನಲ್ಲಿ ಬಣ್ಣದಿಂದಾಗಿ ಪಿಷ್ಟದ ನೀಲಿ ಛಾಯೆ ಕಾಣುವುದು ತಡ. ಟ್ಯಾನಿನ್‌ಗಳೂ ಅಯೋಡಿನ್ನನ್ನು ಹೀರುತ್ತವೆ. ಹಳೆಯ ಅಯೋಡಿನ್ ದ್ರಾವಣವಂತೂ ಶಕ್ತಿಗುಂದಿ ಹೆಚ್ಚು ಖರ್ಚಾಗುತ್ತದೆ. ಈ ಮೂರೂ ದೋಷಗಳು ಅಳತೆಯನ್ನು ಹೆಚ್ಚಿಸಿಯೇ ತೋರಿಸುತ್ತವೆ. ರಕ್ಷಣೆ ಸಾಕಷ್ಟಿದೆಯೆಂದು ಭಾವಿಸಿದ ತೊಟ್ಟಿಯೇ ಕೆಡುವುದು ಹೀಗೆ. ದ್ರಾವಣವನ್ನು ಕಂದು ಸೀಸೆಯಲ್ಲಿಟ್ಟು, ಥಯೋಸಲ್ಫೇಟಿನಿಂದ ಆಗಾಗ ಪ್ರಮಾಣೀಕರಿಸುವುದು ಅಗತ್ಯ.

ಗಾಳಿ ಹಾಯಿಸಿ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಹಿಡಿಯುವ ವಿಧಾನವು ಕೆಂಪು ವೈನಿಗೆ ಹೆಚ್ಚು ನಂಬಲರ್ಹ. ಆದರೆ ಜೋಡಣೆಯಲ್ಲಿ ಸೋರಿಕೆಯಿದ್ದರೆ ಅಥವಾ ಪೆರಾಕ್ಸೈಡ್ ಹಳತಾಗಿದ್ದರೆ ಅಳತೆ ಕಡಿಮೆ ಬರುತ್ತದೆ. ಮೆಟಾಬೈಸಲ್ಫೈಟ್ ಅನಗತ್ಯವಾಗಿ ಸುರಿಯಲ್ಪಡುತ್ತದೆ.

ಅಳತೆ ಸರಿಯಿದ್ದರೂ ಪಿಎಚ್ ನೋಡದಿದ್ದರೆ ಪ್ರಯೋಜನವಿಲ್ಲ. ಪಿಎಚ್ 3.2 ಇದ್ದಾಗ ಲೀಟರಿಗೆ ಸುಮಾರು 20 ಮಿಲಿಗ್ರಾಂ ನೀಡುವ ರಕ್ಷಣೆಗೆ 3.8ರಲ್ಲಿ ಸುಮಾರು 80 ಬೇಕು. ಬಿಸಿಲುನಾಡಿನ ಹಣ್ಣಿನಲ್ಲಿ ಆಮ್ಲ ಬೇಗ ಇಳಿಯುವುದರಿಂದ ಇದು ಇಲ್ಲಿಯ ಉದ್ಯಮಿಗೆ ಮುಖ್ಯ.

ದಾಸ್ತಾನನ್ನು ಉತ್ಪಾದನಾ ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವುಗಳಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕೆಂಬುದು ಲೆಕ್ಕಶಾಸ್ತ್ರದ ನಿಯಮ. ಕೆಟ್ಟ ತೊಟ್ಟಿಯ ನಷ್ಟ ಆ ವರ್ಷದ ಲಾಭವನ್ನೇ ನುಂಗುತ್ತದೆ; ಹೊಸ ಅಯೋಡಿನ್ ಸೀಸೆಯ ಬೆಲೆ ಅದರ ಮುಂದೆ ಲೆಕ್ಕಕ್ಕೇ ಬಾರದು.