ಕಾರಿನೊಳಗಿನ ದನಿ

ಬಾನುಲಿ ಪೆಟ್ಟಿಗೆಯನ್ನು ನಡುಮನೆಯ ಮೇಜಿನ ಮೇಲಿಟ್ಟು, ಮನೆಮಂದಿಯೆಲ್ಲ ಸುತ್ತ ಕುಳಿತು ಕೇಳುತ್ತಿದ್ದ ಪದ್ಧತಿ ನಗರಗಳಲ್ಲಿ ಬಹುಮಟ್ಟಿಗೆ ಹಿಂದೆ ಸರಿದಿದೆ. ಇಂದು ಹಲವರು ಬಾನುಲಿಯನ್ನು ಕೇಳುವುದು ಕಾರಿನಲ್ಲಿ. ಸಂಜೆ ಶಿವಾಜಿನಗರದಿಂದ ಹೊರಟವರು ಹಲಸೂರು, ಇಂದಿರಾನಗರಗಳನ್ನು ದಾಟಿ, ಹಳೆಯ ಮದರಾಸು ರಸ್ತೆಯಲ್ಲಿ ತೆವಳಿ, ಕೃಷ್ಣರಾಜಪುರದ ತೂಗುಸೇತುವೆಯನ್ನು ಮುಟ್ಟುವಷ್ಟರಲ್ಲಿ ವಾರ್ತೆ, ಚಿಂತನ, ಅರ್ಧ ಸಂಗೀತ ಕಚೇರಿ ಎಲ್ಲವೂ ಮುಗಿದಿರುತ್ತವೆ. ದಿನಕ್ಕೆ ಇಷ್ಟು ಹೊತ್ತು ಕಿವಿಗೆ ಬೀಳುವ ದನಿ ಹಿತವಾಗಿರಲಿ ಎಂದು ಬಯಸುವುದು ಶೋಕಿಯಲ್ಲ. ಆದರೆ ಕಾರಿನೊಡನೆ ಕಾರ್ಖಾನೆಯಿಂದ ಬಂದ ಸ್ಟೀರಿಯೋ ಹಿತವಾಗಿ ನುಡಿಯುವುದು ಅಪರೂಪ. ಮಾತು ಡಬ್ಬದೊಳಗಿನಿಂದ ಬಂದಂತಿರುತ್ತದೆ, ಮೃದಂಗದ ಎಡಗೈ ಕೇಳಿಸುವುದೇ ಇಲ್ಲ, ದನಿ ಏರಿಸಿದರೆ ಬಾಗಿಲು ಗಡಗಡಿಸುತ್ತದೆ. ಆಗ ಮಾಲೀಕನು ಅಂಗಡಿಗೆ ಹೋಗುತ್ತಾನೆ. ಅಂಗಡಿಯವರು ಮಿನುಗುವ ಪರದೆಯ ಪೆಟ್ಟಿಗೆಯೊಂದನ್ನು ತೋರಿಸುತ್ತಾರೆ. ಹಣ ಹೋಗುತ್ತದೆ, ಗಡಗಡ ಉಳಿಯುತ್ತದೆ. ಹಣವನ್ನು ಎಲ್ಲಿ ಹಾಕಿದರೆ ಫಲ, ಎಲ್ಲಿ ಹಾಕಿದರೆ ನಷ್ಟ ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಕಾರಿಗೂ ಬಾನುಲಿಗೂ ನಂಟು ಹಳೆಯದು. ೧೯೩೦ರಲ್ಲಿ ಅಮೆರಿಕದ ಷಿಕಾಗೋ ನಗರದ ಗ್ಯಾಲ್ವಿನ್ ಸಹೋದರರು ಕಾರಿಗೆಂದೇ ಮಾಡಿದ ಬಾನುಲಿಯನ್ನು ಮಾರಾಟಕ್ಕೆ ತಂದು, ಮೋಟಾರು ಎಂಬ ಮಾತಿಗೆ ಒಂದು ಬಾಲ ಸೇರಿಸಿ ‘ಮೋಟೊರೋಲ’ ಎಂದು ಹೆಸರಿಟ್ಟರು. ಮುಂದೆ ಅದೇ ಅವರ ಕಂಪನಿಯ ಹೆಸರೂ ಆಯಿತು. ಅಂದಿನ ತೊಡಕು ಇಂಜಿನಿನ ಕಿಡಿ ಎಬ್ಬಿಸುವ ಗಲಭೆಯದು, ವಾಲ್ವುಗಳಿಗೆ ಬೇಕಾದ ವಿದ್ಯುತ್ತಿನದು. ಅವೆರಡೂ ಬಹುಮಟ್ಟಿಗೆ ಬಗೆಹರಿದಿವೆ. ಬಗೆಹರಿಯದೆ ಉಳಿದಿರುವುದು ಸ್ಪೀಕರನ್ನು ಕೂರಿಸುವ ಜಾಗ.

ಮೊದಲು ಒಳ್ಳೆಯ ದನಿ ಎಂದರೇನು ಎಂಬುದನ್ನು ನೋಡೋಣ. ಕೃಷ್ಣರಾಜಪುರಕ್ಕೆ ಹೋಗುವ ದಾರಿಯಲ್ಲೇ ದೂರವಾಣಿನಗರವಿದೆ. ೧೯೪೮ರಲ್ಲಿ ಅಲ್ಲಿ ಆರಂಭವಾದ ಐ.ಟಿ.ಐ. ಕಾರ್ಖಾನೆಯಿಂದ ಬಂದ ಕರಿಯ ಟೆಲಿಫೋನುಗಳನ್ನು ನಮ್ಮಲ್ಲಿ ಹಲವರು ಬಳಸಿದ್ದೇವೆ. ಟೆಲಿಫೋನು ಸಾಗಿಸುತ್ತಿದ್ದುದು ಸೆಕೆಂಡಿಗೆ ೩೦೦ರಿಂದ ೩,೪೦೦ರವರೆಗಿನ ಕಂಪನಗಳನ್ನು ಮಾತ್ರ. ಮಧ್ಯಮ ತರಂಗದ ಬಾನುಲಿಯಲ್ಲಿ ಒಂದು ಕೇಂದ್ರಕ್ಕೂ ಮುಂದಿನದಕ್ಕೂ ನಡುವೆ ೯ ಕಿಲೋಹರ್ಟ್ಸ್ ಅಂತರವಿರುವುದರಿಂದ, ಅಲ್ಲಿ ದನಿಗೆ ಸಿಗುವ ಮೇಲಿನ ಎಲ್ಲೆ ಸುಮಾರು ೪,೫೦೦. ಎಫ್.ಎಂ. ಪ್ರಸಾರದಲ್ಲಾದರೋ ೧೫,೦೦೦ದವರೆಗೂ ಜಾಗವಿದೆ. ಇದರ ಅರ್ಥವೇನೆಂಬುದು ಕನ್ನಡ ಪಾಠ ಹೇಳುವವನಿಗೆ ಬೇಗ ತಿಳಿಯುತ್ತದೆ. ಸಕಾರದ ಸುಯ್ಲಿನ ಬಹುಪಾಲು ೪,೦೦೦ಕ್ಕೆ ಮೇಲಿರುತ್ತದೆ. ಶಕಾರದ್ದು ಅದಕ್ಕಿಂತ ಕೆಳಗಿನಿಂದಲೇ ಆರಂಭವಾಗುತ್ತದೆ. ಮೇಲಿನ ಕಂಪನಗಳು ಕತ್ತರಿಸಿಹೋದಲ್ಲಿ ‘ಸಕಲ’ವು ‘ಶಕಲ’ವೋ, ‘ಸಂಕರ’ನು ‘ಶಂಕರ’ನೋ ಎಂಬುದನ್ನು ಕಿವಿ ಕೇಳುವುದಿಲ್ಲ, ಬುದ್ಧಿ ಊಹಿಸಿಕೊಳ್ಳುತ್ತದೆ. ಆದ್ದರಿಂದ ಅಂಗಡಿಯಲ್ಲಿ ಸ್ಪೀಕರನ್ನು ಪರೀಕ್ಷಿಸುವಾಗ ಅವರು ಹಾಕುವ ಡೋಲು ತಮಟೆಗಳ ತಟ್ಟೆಯನ್ನು ಪಕ್ಕಕ್ಕಿರಿಸಿ, ಸ್ವಚ್ಛವಾಗಿ ಉಚ್ಚರಿಸುವವರೊಬ್ಬರ ವಾರ್ತೆಯನ್ನು ಕೇಳಿರಿ. ಸಕಾರ ಶಕಾರಗಳು ಬೇರೆ ಬೇರೆಯಾಗಿ, ಆದರೆ ಚುಚ್ಚದೆ ಕೇಳಿಸಿದರೆ ಮೇಲಿನ ಭಾಗ ಸರಿಯಿದೆ. ಗಂಡಸರ ದನಿ ಎದೆಯಿಂದ ಬಂದಂತಿದ್ದರೆ ಕೆಳಗಿನದೂ ಸರಿಯಿದೆ. ಇದಕ್ಕಿಂತ ಕಠಿಣವಾದ ಪರೀಕ್ಷೆ ತಂಬೂರಿಯದು. ನಾಲ್ಕು ತಂತಿಗಳ ಮೇಲೆ ಎದ್ದು ಬರುವ ಸಣ್ಣ ಸ್ವರಗಳ ಝೇಂಕಾರ ಕೆಟ್ಟ ಸ್ಪೀಕರಿನಲ್ಲಿ ಬರಿಯ ಗುಂಯ್‌ಗುಟ್ಟುವಿಕೆಯಾಗುತ್ತದೆ. (ಐವತ್ತು ದಾಟಿದ ನಮ್ಮಂಥವರ ಕಿವಿಗೆ ತೀರ ಮೇಲಿನ ಕಂಪನಗಳು ಹೇಗೂ ಕೇಳಿಸವು. ಅವುಗಳಿಗಾಗಿ ಹೆಚ್ಚು ಬೆಲೆ ತೆರುವ ಮುನ್ನ ಮನೆಯ ಮಕ್ಕಳನ್ನು ಕೇಳುವುದು ಮೇಲು.)

ಇನ್ನು ವಾಟಿನ ಲೆಕ್ಕ. ಪೆಟ್ಟಿಗೆಯ ಮೇಲೆ ‘ನಾಲ್ಕು ಐವತ್ತು ವಾಟ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಇಂಜಿನು ಓಡುವಾಗ ಕಾರಿನ ವಿದ್ಯುತ್ತು ಸುಮಾರು ೧೪.೪ ವೋಲ್ಟು. ಕಾರಿನ ಸಾಮಾನ್ಯ ಸ್ಪೀಕರಿನ ತಡೆ ೪ ಓಮ್. ಈ ಎರಡು ಅಂಕಿಗಳಿಂದ ಪ್ರೌಢಶಾಲೆಯ ಹುಡುಗನೂ ಲೆಕ್ಕ ಹಾಕಬಹುದು: ವೋಲ್ಟೇಜನ್ನು ಏರಿಸುವ ಬೇರೆ ಏರ್ಪಾಡಿಲ್ಲದೆ ಅಲ್ಲಿ ಶುದ್ಧವಾಗಿ ಹೊರಡುವ ಶಕ್ತಿ ೨೬ ವಾಟನ್ನು ಮೀರದು, ನಿಜದಲ್ಲಿ ೨೦ರ ಆಸುಪಾಸು. ಐವತ್ತೆಂಬುದು ಕ್ಷಣಮಾತ್ರದ ಶಿಖರ, ಅದೂ ಸೊಟ್ಟಗಾದ ದನಿಯೊಡನೆ. ಮೇಲಾಗಿ, ಶಕ್ತಿಯನ್ನು ಇಮ್ಮಡಿಸಿದರೆ ದನಿ ಏರುವುದು ೩ ಡೆಸಿಬೆಲ್ ಮಾತ್ರ. ಕಿವಿಗೆ ‘ಎರಡರಷ್ಟಾಯಿತು’ ಎನ್ನಿಸಬೇಕಾದರೆ ಶಕ್ತಿ ಸುಮಾರು ಹತ್ತರಷ್ಟಾಗಬೇಕು. ಆದ್ದರಿಂದ ಸ್ಪೀಕರು ಕೊಳ್ಳುವವರು ವಾಟನ್ನು ನೋಡುವುದಕ್ಕಿಂತ, ಒಂದು ವಾಟು ಕೊಟ್ಟಾಗ ಒಂದು ಮೀಟರು ದೂರದಲ್ಲಿ ಅದು ಎಷ್ಟು ಡೆಸಿಬೆಲ್ ನುಡಿಯುತ್ತದೆಂಬ ಅಂಕಿಯನ್ನು ನೋಡತಕ್ಕದ್ದು. ೮೭ರ ಸ್ಪೀಕರಿಗೆ ಬದಲು ೯೦ರದನ್ನು ಹಾಕಿದರೆ, ಪೆಟ್ಟಿಗೆಯನ್ನು ಮುಟ್ಟದೆಯೇ ಅದರ ಶಕ್ತಿಯನ್ನು ಇಮ್ಮಡಿಸಿದಂತಾಯಿತು.

ಈಗ ಬಾಗಿಲಿಗೆ ಬರೋಣ. ಮುಖ್ಯ ವಿಷಯ ಇದೇ. ಕೇಶಿರಾಜನು ಶಬ್ದದ ಹುಟ್ಟನ್ನು ವಿವರಿಸುವಾಗ ಕಹಳೆಯ ಹೋಲಿಕೆ ಕೊಟ್ಟಿದ್ದಾನೆ. ಉಸಿರು ಇದ್ದರಷ್ಟೇ ಸಾಲದು, ಅದನ್ನು ಹಿಡಿದು ನಡೆಸುವ ಕೊಳವೆಯೂ ಬೇಕು. ವೀಣೆಯ ತಂತಿಯನ್ನು ಬುರುಡೆಯಿಲ್ಲದೆ ಗೋಡೆಯ ಮೊಳೆಗೆ ಕಟ್ಟಿ ಮೀಟಿದರೆ ಏನು ಕೇಳೀತು? ಕಾರಿನಲ್ಲಿ ಸ್ಪೀಕರಿನ ಬುರುಡೆ ಎಂದರೆ ಬಾಗಿಲು. ಆ ಬಾಗಿಲನ್ನು ಮಾಡಿರುವುದು ಗಾಜು ಇಳಿಯುವುದಕ್ಕೂ ಬೀಗ ಬೀಳುವುದಕ್ಕೂ ಹೊರತು ಸಂಗೀತಕ್ಕಲ್ಲ. ಒಳಗಿನ ಪ್ಲಾಸ್ಟಿಕ್ಕಿನ ಹೊದಿಕೆ ತೆಗೆದರೆ ತಗಡಿನಲ್ಲಿ ಅಂಗೈಯಗಲದ ಕಿಂಡಿಗಳು ಕಾಣುತ್ತವೆ. ಸ್ಪೀಕರಿನ ಶಂಕು ಮುಂದಕ್ಕೆ ಬಂದಾಗ ಮುಂದಣ ಗಾಳಿ ಒತ್ತುತ್ತದೆ, ಹಿಂದಣ ಗಾಳಿ ಸಡಿಲುತ್ತದೆ. ಹಿಂದಿನ ಅಲೆ ಈ ಕಿಂಡಿಗಳಿಂದ ನುಸುಳಿ ಬಂದು ಮುಂದಿನ ಅಲೆಯನ್ನು ಸೇರಿದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಮಂದ್ರ ಸ್ವರಗಳ ಅಲೆ ಉದ್ದವಾದದ್ದು. ಅಳಿಯುವುದೂ ಅದೇ ಹೆಚ್ಚು. ಮೃದಂಗದ ಎಡಗೈ ಮಾಯವಾಗುವುದು ಹೀಗೆ.

ಪರಿಹಾರ ಸುಲಭ, ಆದರೆ ತಾಳ್ಮೆ ಬೇಡುತ್ತದೆ. ಅಂಗಡಿಗಳಲ್ಲಿ ‘ಡ್ಯಾಂಪಿಂಗ್ ಷೀಟು’ ಎಂದು ಕೇಳಿದರೆ, ಒಂದು ಮೈಗೆ ಅಲ್ಯುಮಿನಿಯಂ ಹಾಳೆ ಅಂಟಿಸಿದ ಬ್ಯುಟೈಲ್ ರಬ್ಬರಿನ ಹಾಳೆ ಕೊಡುತ್ತಾರೆ. ಸ್ಪೀಕರಿನ ಹಿಂದೆ ಇರುವ ಹೊರ ತಗಡಿಗೆ ಅದನ್ನು ಒತ್ತಿ ಅಂಟಿಸಿದರೆ ತಗಡಿನ ನಡುಕ ನಿಲ್ಲುತ್ತದೆ. ಒಳ ತಗಡಿನ ಕಿಂಡಿಗಳನ್ನು ಮುಚ್ಚಿದರೆ ಬಾಗಿಲು ಒಂದು ಪೆಟ್ಟಿಗೆಯಾಗುತ್ತದೆ. ಎರಡು ಎಚ್ಚರ ಬೇಕು. ಬಾಗಿಲಿನ ತಳದಲ್ಲಿ ಮಳೆಯ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಅವನ್ನು ಮುಚ್ಚಿದರೆ ಬೆಂಗಳೂರಿನ ಒಂದೆರಡು ಮಳೆಗಾಲಗಳಲ್ಲಿ ಬಾಗಿಲು ತುಕ್ಕು ಹಿಡಿಯುತ್ತದೆ. ಎರಡನೆಯದು, ಅಗ್ಗವೆಂದು ಮನೆಯ ಚಾವಣಿಗೆ ಹಾಕುವ ಡಾಂಬರಿನ ಹಾಳೆಯನ್ನು ಬಳಸಬಾರದು. ಏಪ್ರಿಲ್ ಬಿಸಿಲಿಗೆ ಅದು ಕರಗಿ ನಾರುತ್ತದೆ. ಸ್ಪೀಕರನ್ನು ನೇರವಾಗಿ ತಗಡಿಗೆ ತಿರುಪು ಹಾಕದೆ, ನಡುವೆ ಮರದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಬಳೆಯೊಂದನ್ನಿಟ್ಟು ಅಂಚಿಗೆ ಫೋಮು ಸುತ್ತಬೇಕು. ಮರವಾದರೆ ನೀರು ಹಿಡಿಯದಂತೆ ಬಣ್ಣ ಬಳಿದಿರಬೇಕು. ಗಾಜನ್ನು ಪೂರ್ತಿ ಇಳಿಸಿ, ಅದು ಸ್ಪೀಕರಿನ ಅಯಸ್ಕಾಂತಕ್ಕೆ ತಾಗುವುದೇ ಎಂದು ನೋಡುವುದನ್ನಂತೂ ಮರೆಯಬಾರದು.

ತಂತಿಯನ್ನು ತಲೆಕೆಳಗಾಗಿ ಜೋಡಿಸುವುದು ಬಹಳ ಕಡೆ ಕಂಡುಬರುವ ದೋಷ. ಎಡಗಡೆಯದು ಮುಂದೆ ಬರುವಾಗ ಬಲಗಡೆಯದು ಹಿಂದೆ ಹೋದರೆ ಮಂದ್ರವೆಲ್ಲ ಕರಗುತ್ತದೆ, ಹಾಡುವವರು ಎಲ್ಲಿ ಕುಳಿತಿದ್ದಾರೆಂಬುದೇ ತಿಳಿಯುವುದಿಲ್ಲ. ಸ್ಟೀರಿಯೋವಿನಿಂದ ಬಿಡಿಸಿದ ಸ್ಪೀಕರು ತಂತಿಗಳಿಗೆ ಟಾರ್ಚಿನ ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣಕಾಲ ಮುಟ್ಟಿಸಿರಿ. ಸೆಲ್ಲಿನ ಧನ ತುದಿ ಸ್ಪೀಕರಿನ ಧನ ತಂತಿಗೆ ತಾಗಿದ್ದರೆ ಶಂಕು ಹೊರಕ್ಕೆ ಜಿಗಿಯುತ್ತದೆ. ನಾಲ್ಕೂ ಬಾಗಿಲುಗಳಲ್ಲಿ ಹೀಗೆ ನೋಡಲು ಸೆಲ್ಲಿನ ಬೆಲೆಗಿಂತ ಹೆಚ್ಚು ಖರ್ಚಿಲ್ಲ.

ಇಷ್ಟಾದ ಮೇಲೆ ಅನೇಕರಿಗೆ ಬೇರೇನೂ ಬೇಕೆನಿಸದು. ಬೇಕೆನಿಸಿದವರು ಮುಂದಿನ ಎರಡು ಬಾಗಿಲುಗಳಿಗೆ ಒಳ್ಳೆಯ ಆರೂವರೆ ಅಂಗುಲದ ಜೋಡಿಯೊಂದನ್ನು ಹಾಕಿಸಲಿ. ಹಿಂದಿನವಕ್ಕೆ ಹಣ ಸುರಿಯುವ ಅಗತ್ಯವಿಲ್ಲ, ಕಚೇರಿಯಲ್ಲಿ ಯಾರೂ ವಿದ್ವಾಂಸರಿಗೆ ಬೆನ್ನು ಹಾಕಿ ಕೂರುವುದಿಲ್ಲವಷ್ಟೆ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯ ಕಾರುಗಳಿಂದ ಬಿಚ್ಚಿದ ಸಾಮಾನು ಸಿಗುತ್ತದೆ. ಅಲ್ಲಿ ಸ್ಪೀಕರು ಕೊಳ್ಳುವವರು ಶಂಕುವಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಬೇಕು: ರಬ್ಬರಿನದಾದರೆ ಬಾಳಿಕೆ ಬರುತ್ತದೆ, ಫೋಮಿನದಾದರೆ ಪುಡಿಯಾಗಿರುವ ಸಂಭವ ಹೆಚ್ಚು. ಹೊಸತು ಬೇಕಾದವರಿಗೆ ಜಯಚಾಮರಾಜೇಂದ್ರ ರಸ್ತೆ ಇದ್ದೇ ಇದೆ. ಡಿಕ್ಕಿಯಲ್ಲಿಡುವ ದೊಡ್ಡ ಸಬ್‌ವೂಫರಿನ ವಿಷಯದಲ್ಲಿ ನನಗೆ ಒಲವಿಲ್ಲ. ಪಕ್ಕದ ಕಾರಿನವನ ಎದೆ ನಡುಗಿಸುವುದು ಸಂಗೀತವಲ್ಲ; ಮೇಲಾಗಿ ಹಿಂದೆ ಆಂಬುಲೆನ್ಸು ಕೂಗುತ್ತಿರುವುದು ಕೇಳಿಸದಷ್ಟು ದನಿ ಹಾಕಿಕೊಂಡು ಹೋಗುವುದು ಅಪಾಯ.

ಇಂದಿನ ಕಾರುಗಳಲ್ಲಿ ಪರದೆಯೇ ಹಿಂಬದಿಯ ಕ್ಯಾಮರಾ, ಸ್ಟೀರಿಂಗಿನ ಗುಂಡಿಗಳು, ಕೆಲವೆಡೆ ಹವಾನಿಯಂತ್ರಣ ಇವೆಲ್ಲಕ್ಕೂ ಹೆಣೆದುಕೊಂಡಿರುತ್ತದೆ. ಅಂಥದನ್ನು ಕಿತ್ತು ಬೇರೆ ಹಾಕುವುದಕ್ಕಿಂತ, ಅದರ ಸ್ಪೀಕರು ತಂತಿಯಿಂದಲೇ ದನಿಯನ್ನು ಪಡೆದು ತಿದ್ದಿ ಬಲಪಡಿಸುವ ಸಣ್ಣ ಆಂಪ್ಲಿಫೈಯರನ್ನು ಆಸನದ ಕೆಳಗೆ ಇಡಿಸುವುದು ವಿವೇಕ. ಕಾರ್ಖಾನೆಯ ತಂತಿಗಳನ್ನು ಕತ್ತರಿಸಲು ಬಿಡಬೇಡಿ. ಆ ಮಾದರಿಗೆ ಹೊಂದುವ ಕಪ್ಲರನ್ನೇ ಕೇಳಿ ಹಾಕಿಸಿರಿ. ತಂತಿ ಕತ್ತರಿಸಿದ ಕಾರಿಗೆ ಮುಂದೆ ವಿದ್ಯುತ್ತಿನ ತೊಂದರೆ ಬಂದರೆ ವಾರಂಟಿಯ ಮಾತು ಜಗಳಕ್ಕೆ ತಿರುಗುತ್ತದೆ. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಎಳೆಯುವ ದಪ್ಪ ತಂತಿಗೆ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಫ್ಯೂಸು ಇರಲೇಬೇಕು. ಫ್ಯೂಸು ಇರುವುದು ಯಂತ್ರವನ್ನು ಕಾಪಾಡಲು ಎಂದು ಕೆಲವರ ಭಾವನೆ. ಅದು ಕಾಪಾಡುವುದು ತಂತಿಯನ್ನು. ಇಂಜಿನಿನ ಹಿಂದಿನ ತಗಡನ್ನು ದಾಟುವಲ್ಲಿ ರಬ್ಬರಿನ ಬಳೆಯಿಲ್ಲದೆ ತಂತಿ ಉಜ್ಜಿ ಬೆತ್ತಲಾದರೆ, ಫ್ಯೂಸಿಲ್ಲದ ಕಾರು ಹೊತ್ತಿಕೊಳ್ಳುತ್ತದೆ. ಹಣ ಉಳಿಸಲು ಬೇರೆ ಜಾಗಗಳಿವೆ, ಇದಲ್ಲ.

ಕಡೆಯದಾಗಿ ಬಾನುಲಿ ಕೇಳುಗರಿಗೇ ಸಂಬಂಧಿಸಿದ ಒಂದು ತೊಡಕು. ನಮ್ಮ ಬೀದಿಯ ನಿವೃತ್ತ ಗುಮಾಸ್ತರೊಬ್ಬರು ಮಗ ಹಾಕಿಸಿಕೊಟ್ಟ ಹೊಸ ಸ್ಟೀರಿಯೋ ತೋರಿಸಿ, “ಮೇಷ್ಟ್ರೇ, ಪರದೆ ಬಂತು, ವಿವಿಧಭಾರತಿ ಹೋಯ್ತು” ಎಂದರು. ೧೦೨.೯ಕ್ಕೆ ಹಾಕಿದರೆ ಬರಿಯ ಸುಯ್ಯೆಂಬ ಸದ್ದು. ಪೆಟ್ಟಿಗೆಯಲ್ಲಿ ದೋಷವಿರಲಿಲ್ಲ. ಕೆಲವು ಕಾರುಗಳ ಏರಿಯಲ್ಲಿನ ಬುಡದಲ್ಲಿ ಸಣ್ಣದೊಂದು ಆಂಪ್ಲಿಫೈಯರಿರುತ್ತದೆ. ಅದಕ್ಕೆ ವಿದ್ಯುತ್ತು ಹೋಗುವುದು ಹಳೆಯ ಸ್ಟೀರಿಯೋವಿನಿಂದ, ಏರಿಯಲ್ ತಂತಿಯ ಮೂಲಕವೇ. ಹೊಸ ಪೆಟ್ಟಿಗೆ ಆ ವಿದ್ಯುತ್ತನ್ನು ಕೊಡುವುದಿಲ್ಲವಾದ್ದರಿಂದ ಏರಿಯಲ್ಲು ಕಿವುಡಾಗುತ್ತದೆ. ಇದಕ್ಕೆಂದೇ ಇರುವ ಅಡಾಪ್ಟರನ್ನು ನಡುವೆ ಸೇರಿಸಿ, ಅದರ ಸಣ್ಣ ತಂತಿಯನ್ನು ಸ್ಟೀರಿಯೋವಿನ ಏರಿಯಲ್ ತಂತಿಗೆ ಜೋಡಿಸಿದರೆ ಕೇಂದ್ರ ಮರಳಿ ಬರುತ್ತದೆ. ಅದಾದ ಮೇಲೂ ಸದ್ದು ಉಳಿದರೆ, ಸಿಗರೇಟು ಲೈಟರಿನ ತೂತಿಗೆ ಸಿಕ್ಕಿಸಿರುವ ಅಗ್ಗದ ಫೋನ್ ಚಾರ್ಜರನ್ನು ಕಿತ್ತು ನೋಡಿರಿ, ಎಫ್.ಎಂ. ಗಲಭೆಗೆ ಹಲವು ಸಲ ಅದೇ ಕಾರಣ. ಸಿ.ಎಂ.ಎಚ್. ರಸ್ತೆಯ ಮೆಟ್ರೋ ಸೇತುವೆಯ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ದನಿ ಆಗೀಗ ಕಂಪಿಸುವುದು ಮಾತ್ರ ಅಲೆಗಳು ಗೋಡೆಗೆ ಬಡಿದು ಎರಡು ದಾರಿಯಲ್ಲಿ ಬರುವುದರಿಂದ. ಅದಕ್ಕೆ ಯಾವ ಅಂಗಡಿಯಲ್ಲೂ ಮದ್ದಿಲ್ಲ, ಹತ್ತು ಗಜ ಮುಂದೆ ಹೋದರೆ ತಾನೇ ಸರಿಹೋಗುತ್ತದೆ.