ಒಂದೂವರೆ ಬಂಧದ ಉಂಗುರ

ಬೆಂಜೀನ್ ಎಂದರೆ ಕೆಕುಲೆ, ಕೆಕುಲೆ ಎಂದರೆ ತನ್ನ ಬಾಲ ತಾನೇ ಕಚ್ಚಿದ ಹಾವಿನ ಕನಸು. ಈ ಕತೆ ಹೇಳದೆ ಪಾಠ ಮುಂದುವರಿಸುವ ಮೇಷ್ಟ್ರು ಅಪರೂಪ. ಆದರೆ ಬೆಂಜೀನ್ ಉಂಗುರದ ನಿಜರೂಪವನ್ನು ಅಳೆದು ತೋರಿಸಿದ ಕ್ಯಾಥ್ಲೀನ್ ಲಾನ್ಸ್‌ಡೇಲ್ ಅವರ ಹೆಸರನ್ನು ತರಗತಿಯಲ್ಲಿ ಎತ್ತುವವರೇ ಕಡಿಮೆ. ಅದು ಅನ್ಯಾಯ.

1825ರಲ್ಲಿ ಮೈಕೆಲ್ ಫ್ಯಾರಡೆ ದೀಪದ ಅನಿಲ ಬಿಟ್ಟುಹೋದ ಎಣ್ಣೆಯಂಥ ದ್ರವದಿಂದ ಬೆಂಜೀನನ್ನು ಬೇರ್ಪಡಿಸಿದರು. ಆರು ಇಂಗಾಲ, ಆರು ಜಲಜನಕ ಎಂಬ ಲೆಕ್ಕ ಆಮೇಲೆ ಸಿಕ್ಕಿತು. ತಕರಾರು ಶುರುವಾದದ್ದೇ ಅಲ್ಲಿ. ಜಲಜನಕ ಇಷ್ಟು ಕಡಿಮೆ ಇದ್ದ ಮೇಲೆ ದ್ವಿಬಂಧಗಳು ಇರಲೇಬೇಕು. ಇದ್ದರೆ ಬ್ರೋಮಿನ್ ಅವಕ್ಕೆ ಸೇರಿಕೊಂಡು ಬ್ರೋಮಿನ್ ನೀರಿನ ಬಣ್ಣ ಅಳಿಯಬೇಕು. ಬೆಂಜೀನ್ ಹಾಕಿ ಕುಲುಕಿ ನೋಡಿದರೆ, ಬಣ್ಣ ಮೇಲೆ ತೇಲುವ ಬೆಂಜೀನ್ ಪದರಕ್ಕೆ ಏರಿ ಕೂರುತ್ತದೆಯೇ ಹೊರತು ಅಳಿಯುವುದಿಲ್ಲ.

1865ರಲ್ಲಿ ರಸಾಯನಶಾಸ್ತ್ರಜ್ಞ ಕೆಕುಲೆ ಆರು ಇಂಗಾಲಗಳ ಉಂಗುರವನ್ನು ಮುಂದಿಟ್ಟರು. ಕನಸಿನ ಮಾತು ಆಡಿದ್ದು 1890ರಲ್ಲಿ. ಅವರ ಉಂಗುರದಲ್ಲಿ ಒಂದು ಏಕಬಂಧ, ಒಂದು ದ್ವಿಬಂಧ, ಹೀಗೆ ಸರದಿ. ಹಾಗಿದ್ದರೆ ಷಟ್ಕೋನದ ಭುಜಗಳು ಉದ್ದ-ಗಿಡ್ಡ ಆಗಬೇಕಿತ್ತಲ್ಲ?

ಉತ್ತರ ಬಂದದ್ದು 1929ರಲ್ಲಿ, ಇಂಗ್ಲೆಂಡಿನ ಲೀಡ್ಸ್‌ನಿಂದ. ಬೆಂಜೀನ್ 5.5 ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟುವ ದ್ರವ, ಹರಳಾಗಿ ಕೈಗೆ ಸಿಗುವುದು ಕಷ್ಟ. ಲಾನ್ಸ್‌ಡೇಲ್ ಅದರ ಆರೂ ಜಲಜನಕಗಳ ಜಾಗದಲ್ಲಿ ಮೀಥೈಲ್ ಗುಂಪುಗಳಿರುವ ಹೆಕ್ಸಾಮೀಥೈಲ್ ಬೆಂಜೀನನ್ನು ಆರಿಸಿಕೊಂಡರು. ಅದು ಘನ. ಹರಳಿನ ಒಂದೊಂದು ಘಟಕದಲ್ಲೂ ಒಂದೇ ಅಣು. ಕ್ಷ-ಕಿರಣ ಹಾಯಿಸಿ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕೈಯಲ್ಲೇ ಲೆಕ್ಕ ಹಾಕಿದರು. ಉಂಗುರ ಚಪ್ಪಟೆ, ಆರೂ ಭುಜ ಸಮ!

ಇಂದಿನ ಅಳತೆಯಲ್ಲಿ ಬೆಂಜೀನಿನ ಪ್ರತಿ ಭುಜ 139 ಪೈಕೊಮೀಟರ್. ಮಾಮೂಲಿ ಏಕಬಂಧ 154, ದ್ವಿಬಂಧ 134. ಬೆಂಜೀನಿನದು ಎರಡೂ ಅಲ್ಲ, ಹೆಚ್ಚುಕಡಿಮೆ ಒಂದೂವರೆ. ಪ್ರತಿ ಇಂಗಾಲ ಎರಡು ಇಂಗಾಲ, ಒಂದು ಜಲಜನಕದೊಂದಿಗೆ 120 ಡಿಗ್ರಿ ಕೋನದಲ್ಲಿ ಕೂಡಿಕೊಂಡ ಮೇಲೆ ತಲಾ ಒಂದು ಎಲೆಕ್ಟ್ರಾನ್ ಉಳಿಯುತ್ತದೆ. ಈ ಆರು ಯಾವ ಜೋಡಿಗೂ ಸೇರದೆ, ಉಂಗುರದ ಮೇಲೂ ಕೆಳಗೂ ಮೋಡದಂತೆ ಹಬ್ಬಿಕೊಂಡಿವೆ. ಇದರ ಗಣಿತವನ್ನು 1931ರಲ್ಲಿ ಎರಿಕ್ ಹ್ಯೂಕೆಲ್ ಕೊಟ್ಟರು.

ಹೀಗೆ ಹಬ್ಬಿದ್ದರಿಂದ ಸಿಗುವ ಭದ್ರತೆಯನ್ನೂ ಅಳೆಯಬಹುದು. ಒಂದೇ ದ್ವಿಬಂಧದ ಸೈಕ್ಲೋಹೆಕ್ಸೀನ್‌ಗೆ ಜಲಜನಕ ಸೇರಿಸಿದರೆ ಮೋಲ್‌ಗೆ ಸುಮಾರು 120 ಕಿಲೊಜೂಲ್ ಶಾಖ ಹೊರಬರುತ್ತದೆ. ಮೂರಕ್ಕೆ 360 ಬರಬೇಕು. ಬೆಂಜೀನ್ ಕೊಡುವುದು 208. ಉಳಿದ ಸುಮಾರು 150 ಉಂಗುರದ ಉಳಿತಾಯ. ಬ್ರೋಮಿನ್ ದ್ವಿಬಂಧಕ್ಕೆ ಸೇರಿಕೊಂಡರೆ ಅದಷ್ಟೂ ಹೋದಂತೆ. ಕಬ್ಬಿಣದ ಬ್ರೋಮೈಡ್ ಹಾಕಿ ಒತ್ತಾಯಿಸಿದರೂ ಬ್ರೋಮಿನ್ ಒಂದು ಜಲಜನಕವನ್ನು ಹೊರಗಟ್ಟಿ ಅದರ ಜಾಗ ಹಿಡಿಯುತ್ತದೆ. ಆರು ಎಲೆಕ್ಟ್ರಾನ್‌ಗಳ ಆ ಕೂಟ ಕೊನೆಗೂ ಹಾಗೇ ಉಳಿಯುತ್ತದೆ.