ಹಳೆಯ ಟ್ರ್ಯಾಕ್ಟರಿನ ಆರೋಗ್ಯ

ಕಬ್ಬು ಕಡಿಯುವ ಕಾಲ ಬಂದಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ದಾರಿಗಳಲ್ಲಿ ಟ್ರ್ಯಾಕ್ಟರುಗಳದೇ ರಾಜ್ಯ. ಕಬ್ಬು ಹೇರಿದ ಟ್ರೇಲರುಗಳನ್ನು ಎಳೆಯುತ್ತ ಅವು ಸಕ್ಕರೆ ಕಾರ್ಖಾನೆಗಳತ್ತ ಸಾಲುಗಟ್ಟಿ ಸಾಗುತ್ತವೆ. ಇವೆಲ್ಲವೂ ಹೊಸ ಯಂತ್ರಗಳಲ್ಲ; ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಬಂದವೂ ಉಂಟು. ಎಚ್.ಎಂ.ಟಿ. ಸಂಸ್ಥೆಯು 1971ರಲ್ಲಿ ಆರಂಭಿಸಿದ ಟ್ರ್ಯಾಕ್ಟರು ತಯಾರಿಕೆ 2016ರಲ್ಲಿ ಮುಚ್ಚಿಹೋಯಿತು. ಅದರ ಯಂತ್ರಗಳು ಮಾತ್ರ ಹೊಲಗಳಲ್ಲಿ ಇಂದಿಗೂ ದುಡಿಯುತ್ತಿವೆ.

ಹಳೆಯ ಟ್ರ್ಯಾಕ್ಟರನ್ನು ಕೊಳ್ಳುವ ಒಕ್ಕಲಿಗನು ಅನೇಕ ವೇಳೆ ಸಾಲ ಮಾಡಿಯೇ ಕೊಳ್ಳುತ್ತಾನೆ. ಕಡಿದಿಟ್ಟ ಕಬ್ಬು ದಿನ ಕಳೆದಂತೆ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ. ಆಗ ಯಂತ್ರ ಕೆಟ್ಟು ನಿಂತರೆ ನಷ್ಟ ಎರಡು ಕಡೆಯಿಂದ. ಆದುದರಿಂದ ಯಂತ್ರದ ಒಳಗುಟ್ಟನ್ನು ಮನೆಯಲ್ಲಿ ಒಬ್ಬರಾದರೂ ಅರಿತಿರುವುದು ಲೇಸು. ಆ ಒಬ್ಬರು ಶಾಲೆ ಕಾಲೇಜುಗಳಲ್ಲಿ ಓದುತ್ತಿರುವ ನೀವೇ ಏಕಾಗಬಾರದು?

ಡೀಸೆಲ್ ಎಂಜಿನ್ನಿನಲ್ಲಿ ಇಂಧನಕ್ಕೆ ಕಿಡಿ ಹೊತ್ತಿಸುವ ಸಾಧನವಿಲ್ಲ. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವು ಬಲ್ಲಿರಿ. ಗಾಳಿಯನ್ನು ಥಟ್ಟನೆ ಒತ್ತಿದರೆ ಅದು ಕಾಯುತ್ತದೆ. ಈ ತತ್ವವನ್ನು ಹಿಡಿದು ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಸಿಲಿಂಡರಿನೊಳಗಣ ಗಾಳಿಯನ್ನು ಪಿಸ್ಟನ್ನು ಹದಿನಾರರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿದಾಗ ಅದರ ಉಷ್ಣತೆ 500 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಆ ಕಾದ ಗಾಳಿಗೆ ಚಿಮ್ಮಿದ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಗಾಳಿಯನ್ನು ಬಿಗಿಯಾಗಿ ಒತ್ತುವ ಶಕ್ತಿಯೇ ಈ ಎಂಜಿನ್ನಿನ ಪ್ರಾಣ.

ಆ ಪ್ರಾಣ ಹೇಗಿದೆಯೆಂದು ತಿಳಿಯಲು ಎಂಜಿನ್ನನ್ನು ಬಿಚ್ಚಬೇಕಾಗಿಲ್ಲ. ಹೊಗೆಯ ಬಣ್ಣವನ್ನು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಕರಿಯ ಹೊಗೆ ಬಂದರೆ ಎಣ್ಣೆ ಹೆಚ್ಚಾಗಿದೆ, ಇಲ್ಲವೆ ಗಾಳಿ ಸಾಲದಾಗಿದೆ. ಮೊದಲು ಗಾಳಿಯ ಶೋಧಕವನ್ನು ನೋಡಬೇಕು. ನೀಲಿ ಹೊಗೆ ಬಂದರೆ ಕೀಲೆಣ್ಣೆಯೇ ಉರಿಯುತ್ತಿದೆ. ಪಿಸ್ಟನ್ನಿನ ಉಂಗುರಗಳು ಸವೆದಿರಬಹುದು. ಚಳಿಯ ಮುಂಜಾನೆ ತುಸು ಹೊತ್ತು ಬಿಳಿಯ ಹೊಗೆ ಬಂದರೆ ಚಿಂತೆಯಿಲ್ಲ. ಆದರೆ ಎಂಜಿನ್ನು ಕಾದ ಮೇಲೂ ಅದು ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ, ನೀರು ಸಿಲಿಂಡರಿಗೆ ನುಗ್ಗುತ್ತಿದೆಯೆಂದು ಶಂಕಿಸಬೇಕು.

ಕೊಳ್ಳುವವರು ಮರೆಯಬಾರದ ಸಂಗತಿಯೊಂದುಂಟು. ಉಂಗುರ ಸವೆದ ಎಂಜಿನ್ನು ಕಾದಿದ್ದಾಗ ಸುಲಭವಾಗಿ ಹೊರಟು, ತಣ್ಣಗಿದ್ದಾಗ ಸತಾಯಿಸುತ್ತದೆ. ಸೋರಿಕೆಯಿಂದ ಒತ್ತಡ ಕುಗ್ಗುತ್ತದೆ. ತಣ್ಣನೆಯ ಲೋಹ ಉಳಿದ ಶಾಖವನ್ನೂ ಹೀರಿಕೊಳ್ಳುತ್ತದೆ. ಆದುದರಿಂದ ಬೆಳಿಗ್ಗೆಯೇ ಹೋಗಿ, ಎಂಜಿನ್ನು ನಿಜವಾಗಿಯೂ ತಣ್ಣಗಿದೆಯೇ ಎಂದು ನೋಡಿ, ಅನಂತರ ಚಾಲೂ ಮಾಡಿಸಬೇಕು. ಮಾರುವವರು ಮೊದಲೇ ಓಡಿಸಿ ಕಾಯಿಸಿಟ್ಟಿದ್ದರೆ ಆ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಇನ್ನು ಮನೆಯಲ್ಲಿ ಮಾಡಬಹುದಾದ ಕೆಲಸಗಳು. ಹಳೆಯ ಟ್ರ್ಯಾಕ್ಟರುಗಳ ಗಾಳಿಶೋಧಕದ ತಳದಲ್ಲಿ ಎಣ್ಣೆಯ ಬಟ್ಟಲೊಂದಿರುತ್ತದೆ. ಕೆಳಗಿಳಿದ ಗಾಳಿ ಅಲ್ಲಿ ಒಮ್ಮೆಲೇ ಮೇಲಕ್ಕೆ ತಿರುಗಬೇಕು. ಹಗುರವಾದ ಗಾಳಿ ತಿರುಗುತ್ತದೆ. ಭಾರವಾದ ಧೂಳಿನ ಕಣಗಳು ಜಡತ್ವದಿಂದ ನೇರವಾಗಿ ಹೋಗಿ ಎಣ್ಣೆಗೆ ಬೀಳುತ್ತವೆ. ನ್ಯೂಟನ್ನನ ಮೊದಲನೆಯ ನಿಯಮ ಇಲ್ಲಿ ಕಸ ಗುಡಿಸುತ್ತಿದೆ! ಬಟ್ಟಲಿನ ಎಣ್ಣೆ ಕೆಸರಾದೊಡನೆ ತೊಳೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ತುಂಬಬೇಕು. ಕಡಿಮೆಯಾದರೆ ಧೂಳು ಒಳಹೊಕ್ಕು ಸಿಲಿಂಡರನ್ನು ಉಜ್ಜುತ್ತದೆ. ಹೆಚ್ಚಾದರೆ ಎಣ್ಣೆಯೇ ಎಂಜಿನ್ನಿಗೆ ಸೇರುತ್ತದೆ.

ರೇಡಿಯೇಟರಿನ ಮುಚ್ಚಳ ಬರಿಯ ಮುಚ್ಚಳವಲ್ಲ. ಒತ್ತಡ ಹೆಚ್ಚಿದಂತೆ ನೀರು ಕುದಿಯುವ ಉಷ್ಣತೆಯೂ ಏರುತ್ತದೆ. ಮುಚ್ಚಳವು ಅರ್ಧ ವಾಯುಭಾರದಷ್ಟು ಹೆಚ್ಚಿನ ಒತ್ತಡವನ್ನು ಹಿಡಿದಿಟ್ಟರೆ ನೀರು ಸುಮಾರು 110 ಡಿಗ್ರಿಯವರೆಗೆ ಕುದಿಯದು. ಕಾದಿರುವಾಗ ಅದನ್ನು ತೆಗೆದರೆ ಒತ್ತಡ ಒಮ್ಮೆಲೇ ಇಳಿದು, ನೀರು ಉಗಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಪೂರ್ತಿ ಆರುವ ತನಕ ಕಾಯಲೇಬೇಕು. ಕೊಳವೆಬಾವಿಯ ಗಡಸು ನೀರನ್ನು ತುಂಬಬಾರದು; ಅದರ ಸುಣ್ಣ ಒಳಗೆ ಹೊಪ್ಪಳಿಕೆಗಟ್ಟಿ ಶಾಖವನ್ನು ಹೊರಗೆ ಬಿಡದು.

ಟಾಕಿಯ ಡೀಸೆಲ್ ಒಮ್ಮೆ ಬರಿದಾದರೆ, ಮತ್ತೆ ತುಂಬಿದರೂ ಎಂಜಿನ್ನು ಹೊರಡದಿರಬಹುದು. ಕೊಳವೆಯಲ್ಲಿ ಗಾಳಿ ಸೇರಿರುವುದೇ ಕಾರಣ. ದ್ರವ ಕುಗ್ಗದು, ಗಾಳಿ ಕುಗ್ಗುತ್ತದೆ. ಪಂಪಿನ ಒತ್ತಡವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ವ್ಯರ್ಥವಾಗುತ್ತದೆ. ಶೋಧಕದ ಮೇಲಣ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತಿ, ಗುಳ್ಳೆಯಿಲ್ಲದ ಎಣ್ಣೆ ಬರುವವರೆಗೆ ಗಾಳಿಯನ್ನು ಹೊರಹಾಕಿದರೆ ಸಾಮಾನ್ಯವಾಗಿ ಕೆಲಸ ಆದಂತೆಯೇ.

ದ್ರವ ಕುಗ್ಗದೆಂಬ ಇದೇ ಗುಣ ನೆರೆಯ ಕಾಲದಲ್ಲಿ ಎಂಜಿನ್ನಿಗೆ ಮೃತ್ಯುವಾಗಬಲ್ಲದು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ನಗರಕ್ಕೂ ನದಿಯ ದಂಡೆಯ ಹಳ್ಳಿಗಳಿಗೂ ನೀರು ನುಗ್ಗಿತು. ಅಂಥ ನೆರೆಯಲ್ಲಿ ಮುಳುಗಿದ ಟ್ರ್ಯಾಕ್ಟರನ್ನು, ನೀರಿಳಿದೊಡನೆ ಚಾಲೂ ಮಾಡಿ ನೋಡುವ ಆತುರ ಸಹಜ. ಆದರೆ ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಪಿಸ್ಟನ್ನು ಅದನ್ನು ಒತ್ತಲಾರದು. ಪಿಸ್ಟನ್ನನ್ನು ಹಿಡಿದಿರುವ ಉಕ್ಕಿನ ದಂಡವೇ ಬಾಗುತ್ತದೆ. ಆದ್ದರಿಂದ ಗುಂಡಿಯನ್ನು ಮುಟ್ಟದೆ, ಬ್ಯಾಟರಿಯ ತಂತಿಯನ್ನು ಕಳಚಿ, ಮಿಸ್ತ್ರಿಯನ್ನು ಕರೆಯಬೇಕು. ಅಳತೆಕಡ್ಡಿಯಲ್ಲಿ ಎಣ್ಣೆ ಹಾಲು ಬೆರೆತ ಚಹದಂತೆ ಕಂಡರೆ ನೀರು ಸೇರಿರುವುದು ಖಚಿತ.

ಮನೆಯವರು ಕೈ ಹಾಕಬಾರದ ಕೆಲಸಗಳೂ ಉಂಟು. ಇಂಧನವನ್ನು ಚಿಮ್ಮಿಸುವ ಕೊಳವೆಯಲ್ಲಿ ಒತ್ತಡ ನೂರು ವಾಯುಭಾರಕ್ಕೂ ಹೆಚ್ಚು. ಸೋರುವ ಸಣ್ಣ ತೂತನ್ನು ಬೆರಳಿನಿಂದ ಹುಡುಕಿದರೆ ಎಣ್ಣೆ ಚರ್ಮವನ್ನು ಭೇದಿಸಿ ಒಳಹೋಗುತ್ತದೆ. ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಬರಿಯ ಜಾಕಿನ ಮೇಲೆ ನಿಂತ ಯಂತ್ರದ ಕೆಳಗೆ ಯಾರೂ ನುಸುಳಬಾರದು. ಗಟ್ಟಿಯಾದ ಮರದ ದಿಮ್ಮಿಗಳ ಆಸರೆ ಇರಲೇಬೇಕು.

ಎಲ್ಲಕ್ಕಿಂತ ಭೀಕರವಾದುದು ಹಿಂದೆ ತಿರುಗುವ ದಂಡ. ಒಕ್ಕುವ ಯಂತ್ರ ಮೊದಲಾದವುಗಳನ್ನು ನಡೆಸುವ ಈ ದಂಡ ನಿಮಿಷಕ್ಕೆ 540 ಸಲ, ಅಂದರೆ ಸೆಕೆಂಡಿಗೆ 9 ಸಲ ತಿರುಗುತ್ತದೆ. ದಂಡದ ವ್ಯಾಸ 5 ಸೆಂಟಿಮೀಟರೆಂದು ಹಿಡಿದರೆ, ಸುತ್ತಳತೆ ಸುಮಾರು 15.7 ಸೆಂಟಿಮೀಟರು. ಒಂದು ಸೆಕೆಂಡಿನಲ್ಲಿ ಅದು 140 ಸೆಂಟಿಮೀಟರು ಬಟ್ಟೆಯನ್ನು ಸುತ್ತಿಕೊಂಡುಬಿಡುತ್ತದೆ. ಧೋತರದ ಚುಂಗೋ ಸೀರೆಯ ಸೆರಗೋ ಸಿಕ್ಕಿದರೆ, ಕೂಗುವಷ್ಟರಲ್ಲಿ ಮನುಷ್ಯನೇ ದಂಡದ ಬಳಿ ಇರುತ್ತಾನೆ. ಹಳೆಯ ಯಂತ್ರಗಳಲ್ಲಿ ಇದರ ಮೇಲಣ ಕವಚ ಕಳೆದುಹೋಗಿರುವುದುಂಟು. ಹಳೆಯ ಟ್ರ್ಯಾಕ್ಟರು ಮನೆಗೆ ಬಂದ ದಿನ ಬಣ್ಣ ಬಳಿಸುವ ಮೊದಲು ಆ ಕವಚವನ್ನು ಹಾಕಿಸಬೇಕು. ಅದರ ಬೆಲೆ ಯಾವ ರಿಪೇರಿಯ ಖರ್ಚಿಗೂ ಹೋಲಿಸತಕ್ಕದ್ದಲ್ಲ.